ನಿಮಗಿದು ಗೊತ್ತೇ? ಕೈಲಾಂಚದ ಹಿತ್ತಲಿಗೆ ವಸಂತ ಬಂದಾಗ

ಪಠ್ಯಪುಸ್ತಕದ ವಸಂತ ಬೇರೆ, ಕೈಲಾಂಚ ಹೋಬಳಿಯ ವಸಂತ ಬೇರೆ. ಇಲ್ಲಿ ಶಿವರಾತ್ರಿಗೆ ಚಳಿ ಹೊರಟಿತೆಂದರೆ ಅದರ ಬೆನ್ನಿಗೇ ಬಿಸಿಲು. ಯುಗಾದಿ ಹೊತ್ತಿಗೆ ಬಂಡೆಗಳು ಸೂರ್ಯ ಮುಳುಗಿದ ಮೇಲೂ ಕಾವು ಉಗುಳುತ್ತಿರುತ್ತವೆ. ಮನೆ ಹಿಂದೆ ಒಂದೆರಡು ಮಾವು, ಬದುವಿನಾಚೆ ಪಕ್ಕದವರ ಹಿಪ್ಪುನೇರಳೆ, ಬಚ್ಚಲ ನೀರಿಗೆ ತೆಂಗು, ಬಾಳೆ, ಒಂದು ಕರಿಬೇವು, ಬೇಲಿಗೆ ಹಬ್ಬಿದ ಹೀರೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿತ್ತಲೆಂದರೆ ಹೆಚ್ಚುಕಡಿಮೆ ಇಷ್ಟೇ. ಚೈತ್ರ ವೈಶಾಖದಲ್ಲಿ ಈ ಹಿತ್ತಲಿಗೆ ಮಾಡಬೇಕಾದ ಕೆಲಸಕ್ಕಿಂತ ಮಾಡಬಾರದ ಕೆಲಸಗಳ ಪಟ್ಟಿಯೇ ಉದ್ದ. ಎರಡನ್ನೂ ಕಲೆಸಿ ಈ ಬಾರಿಯ ಅಂಕಣ.

◆ ನಮ್ಮ ಮಳೆ ನಕ್ಷತ್ರಗಳು ಅಂದಾಜಿನ ಲೆಕ್ಕವಲ್ಲ, ಸೂರ್ಯನ ಲೆಕ್ಕ. ಒಂದೊಂದು ನಕ್ಷತ್ರವನ್ನು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಹಾಗಾಗಿ ಅಶ್ವಿನಿ ಏಪ್ರಿಲ್ ನಡುವಿಗೆ, ಭರಣಿ ಏಪ್ರಿಲ್ ಕೊನೆಗೆ, ಕೃತ್ತಿಕೆ ಮೇ ಎರಡನೇ ವಾರಕ್ಕೆ, ರೋಹಿಣಿ ಮೇ ಕೊನೆಯ ವಾರಕ್ಕೆ ಪ್ರತಿವರ್ಷ ತಪ್ಪದೆ ಬರುತ್ತವೆ. ಮಳೆ ಬರುತ್ತದೋ ಇಲ್ಲವೋ, ಅದು ಬೇರೆ ಮಾತು.

◆ ‘ಅಶ್ವಿನಿ ಸಸ್ಯನಾಶಿನಿ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಹೊತ್ತಿನ ಮಳೆ ಬಿರುಗಾಳಿ, ಆಲಿಕಲ್ಲುಗಳನ್ನು ಜೊತೆಗೆ ತರುತ್ತದೆ. ರಾಮನಗರದ ಬಾದಾಮಿ ಮಾವು ಆಗಷ್ಟೇ ಬಲಿಯುತ್ತಿರುತ್ತದೆ. ಒಂದು ಸಂಜೆಯ ಗಾಳಿಗೆ ಮರದ ಅರ್ಧ ಕಾಯಿ ನೆಲದ ಮೇಲೆ. ಭರಣಿ ಮಳೆಗೆ ಮಾತ್ರ ಊರೆಲ್ಲ ಒಳ್ಳೆಯ ಮಾತಾಡುತ್ತದೆ. ಅದು ಬಿದ್ದರೆ ನೆಲ ಹದಕ್ಕೆ ಬರುತ್ತದೆ, ನೇಗಿಲು ಇಳಿಯುತ್ತದೆ, ಹಿತ್ತಲಲ್ಲಿ ಗೆಡ್ಡೆ ನೆಡಬಹುದು.

◆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತಿಗೆ ಪೂಜೆ, ಹೊಸ ವರ್ಷದ ಮೊದಲ ಉಳುಮೆ, ನಾಲ್ಕು ಸಾಲು ಗೀರಿ ಮನೆಗೆ. ಹಿತ್ತಲಿಗೂ ಅದೇ ಹೊತ್ತು ಸರಿ. ಹಿಂದಿನ ಬೆಳೆಯ ಬೇರು ಕಿತ್ತು ಮಣ್ಣು ತಿರುವಿ ಹಾಕಿದರೆ ಒಳಗೆ ಮಲಗಿರುವ ಹುಳುಗಳ ಕೋಶಗಳು ಬಿಸಿಲಿಗೆ ಬೀಳುತ್ತವೆ, ಮೈನಾ ಹಕ್ಕಿಗಳು ಉಳಿದದ್ದು ನೋಡಿಕೊಳ್ಳುತ್ತವೆ.

◆ ದೇಶದ ಯಾವ ಮೂಲೆಯ ಕೈತೋಟಕ್ಕೆ ಹೋದರೂ ನಮ್ಮೂರ ನದಿಯ ಹೆಸರು ಸಿಗುತ್ತದೆ. ಅರ್ಕಾ ರಕ್ಷಕ್ ಟೊಮೆಟೊ, ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ, ಅರ್ಕಾ ಸುಗುಣ ದಂಟು, ಅರ್ಕಾ ಪ್ರಭಾತ್ ಪಪ್ಪಾಯಿ. ಇವೆಲ್ಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು. ಸಂಸ್ಥೆ 1967ರಲ್ಲಿ ಆರಂಭವಾಯಿತು. ನಂದಿ ಬೆಟ್ಟದ ಕಡೆಯಿಂದ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಯ ಹೆಸರನ್ನೇ ತನ್ನ ತಳಿಗಳಿಗೆಲ್ಲ ಇಟ್ಟಿತು. ನದಿಯಲ್ಲಿ ನೀರು ಕಡಿಮೆಯಾದರೂ ಹೆಸರು ಬೀಜದ ಪೊಟ್ಟಣದ ಮೇಲೆ ಹರಿಯುತ್ತಿದೆ.

◆ ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರಿನ ಹೆಸರು ಹೋದರೂ ಭೂವಿಜ್ಞಾನದಲ್ಲಿ ಅದು ಉಳಿದುಕೊಂಡಿದೆ: ಇಲ್ಲಿನ ಬಂಡೆಗೆ ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು, ವಯಸ್ಸು ಸುಮಾರು 250 ಕೋಟಿ ವರ್ಷ. ಆ ಬಂಡೆ ಸವೆದು ಆದದ್ದೇ ನಿಮ್ಮ ಹಿತ್ತಲ ಕೆಂಪು ಮರಳುಗೋಡು. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ, ಸಾವಯವ ಅಂಶ ಕಡಿಮೆ. ಮಾವಿಗೆ ಹೇಳಿ ಮಾಡಿಸಿದ ಮಣ್ಣು, ಸೊಪ್ಪಿಗೆ ಅಲ್ಲ. ಸೊಪ್ಪಿನ ಮಡಿಗೆ ಕೊಟ್ಟಿಗೆ ಗೊಬ್ಬರ ಸುರಿಯುವುದರಲ್ಲಿ ಜಿಪುಣತನ ಬೇಡ.

◆ ಈ ಸೀಮೆಗೆ ಒಂದು ಅನುಕೂಲ ಉಂಟು. ರೇಷ್ಮೆ ಮನೆಯಲ್ಲಿ ಹಾಸಿಗೆ ಬದಲಿಸಿದಾಗ ಬರುವ ಹಿಕ್ಕೆ, ತಿಂದುಳಿದ ಕಡ್ಡಿ ಎಲೆ ಎಲ್ಲ ಸೇರಿದರೆ ಸಾರಜನಕ ತುಂಬಿದ ಗೊಬ್ಬರ. ಹಸಿಯಾಗಿ ಬುಡಕ್ಕೆ ಹಾಕಬೇಡಿ, ಕೊಳೆಯುವಾಗ ಬರುವ ಕಾವಿಗೆ ಎಳೆ ಬೇರು ಸುಡುತ್ತದೆ. ಸಗಣಿ ಬಗ್ಗಡದ ಜೊತೆ ಗುಂಡಿಯಲ್ಲಿ ಕೊಳೆಸಿ ಹಾಕಿ.

◆ ಮಾವು, ಹಲಸು, ಹೊಂಗೆಗಳ ಉದುರೆಲೆಗೆ ಫೆಬ್ರವರಿ, ಮಾರ್ಚಿಯಲ್ಲಿ ಬೆಂಕಿ ಇಡುವುದು ಇಲ್ಲಿನ ಹಳೆಯ ಚಾಳಿ. ಅದೇ ಎಲೆಯನ್ನು ಗಿಡದ ಬುಡಕ್ಕೆ ಗೇಣುದ್ದ ಹರಡಿದರೆ ಮುಚ್ಚಿಗೆ. ಬುಡದ ಮಣ್ಣು ತಂಪಾಗಿರುತ್ತದೆ, ತೇವ ಬೇಗ ಆರುವುದಿಲ್ಲ, ಕಳೆ ಏಳುವುದಿಲ್ಲ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಗೆದ್ದಲಿಗೆ ಮೆಟ್ಟಿಲು ಹಾಕಿಕೊಟ್ಟಂತೆ.

◆ ಬಿಸಿಲಿನಲ್ಲಿ ಮಣ್ಣು ಕಾಯಿಸುವ ವಿಧಾನದಲ್ಲಿ ಹೆಚ್ಚಿನವರು ಕಪ್ಪು ಪ್ಲಾಸ್ಟಿಕ್ ಹಾಸುತ್ತಾರೆ. ಬೇಕಾದದ್ದು ಪಾರದರ್ಶಕ ಹಾಳೆ. ಕಪ್ಪು ಹಾಳೆ ಬಿಸಿಲನ್ನು ತಾನೇ ನುಂಗುತ್ತದೆ, ಪಾರದರ್ಶಕ ಹಾಳೆ ಅದನ್ನು ಮಣ್ಣಿಗೆ ಬಿಟ್ಟು ಕಾವನ್ನು ಒಳಗೇ ಹಿಡಿಯುತ್ತದೆ. ಮೊದಲು ನೀರು ಹಾಯಿಸಿ, ನಂತರ ಹಾಳೆ ಹಾಸಿ ಅಂಚಿಗೆ ಮಣ್ಣು ಮುಚ್ಚಿ, ಏಪ್ರಿಲ್-ಮೇ ತಿಂಗಳ ನಾಲ್ಕರಿಂದ ಆರು ವಾರ ಬಿಟ್ಟರೆ ಕಳೆ ಬೀಜ, ಬೇರುಗಂಟು ಜಂತುಹುಳು, ಸೊರಗು ರೋಗದ ಶಿಲೀಂಧ್ರಗಳು ಬಹುಪಾಲು ಸಾಯುತ್ತವೆ. ಒಣ ಮಣ್ಣಿಗೆ ಹಾಸಿದರೆ ಪ್ರಯೋಜನ ಕಡಿಮೆ. ಕಾವನ್ನು ಆಳಕ್ಕೆ ಇಳಿಸುವುದು ತೇವ.

◆ ಹನಿ ನೀರಾವರಿ ಬರುವ ಎರಡು ಸಾವಿರ ವರ್ಷ ಮೊದಲೇ ಚೀನಾದ ಕೃಷಿ ಗ್ರಂಥದಲ್ಲಿ ಮಡಕೆ ನೀರಾವರಿಯ ವಿವರಣೆ ಇತ್ತು. ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ನಾಲ್ಕು ಸೋರೆಯೋ ಕುಂಬಳವೋ ನೆಟ್ಟರೆ ಸಾಕು. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆ ಹೆಚ್ಚು ಜಿನುಗುತ್ತದೆ. ಬಣ್ಣ ಬಳಿದ ಕುಂಡ ಇದಕ್ಕೆ ಆಗದು.

ಇನ್ನು ತರಕಾರಿ ಮಡಿಗೆ ಬರೋಣ.

◆ ಬಿಸಿಲು ಏರಿದಷ್ಟೂ ಹುಲುಸಾಗುವ ಸೊಪ್ಪು ದಂಟು. ರಾಗಿ, ಜೋಳ, ಕಬ್ಬುಗಳಂತೆ ಅದೂ ಸಿ4 ವರ್ಗದ ಸಸ್ಯ. ಕಾವಿನಲ್ಲೂ ಕಡಿಮೆ ನೀರಿನಲ್ಲೂ ಆಹಾರ ತಯಾರಿಸಬಲ್ಲದು. ಬಿತ್ತಿದ ತಿಂಗಳಿಗೆ ಸೊಪ್ಪು ಸಾರಿಗೆ ತಯಾರು. ಕೊತ್ತಂಬರಿ ಇದಕ್ಕೆ ತದ್ವಿರುದ್ಧ. ಬಿಸಿಲು ಕಂಡರೆ ಎಲೆ ಬಿಡುವ ಬದಲು ಹೂವಿಗೆ ಓಡುತ್ತದೆ. ತೆಂಗಿನ ಸೋಗೆಯ ಚಪ್ಪರದ ನೆರಳಿಲ್ಲದೆ ಏಪ್ರಿಲ್‌ನಲ್ಲಿ ಕೊತ್ತಂಬರಿಗೆ ಕೈ ಹಾಕಬೇಡಿ. ಹಾಕುವುದಾದರೆ ಬೀಜವನ್ನು ಚಪ್ಪಲಿಯಿಂದಲೋ ಹಲಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ. ನಾವು ಒಂದು ಬೀಜ ಎಂದುಕೊಂಡದ್ದರಲ್ಲಿ ಇರುವುದು ಎರಡು.

◆ ಮಾಗಡಿಯ ಸೊಗಡವರೆ ತಿಂದ ನಾಲಿಗೆ ಯುಗಾದಿಗೂ ಅದನ್ನೇ ಬೇಡುತ್ತದೆ. ಆದರೆ ಈಗ ಬಿತ್ತಿದರೆ ಬಳ್ಳಿ ಚಪ್ಪರ ತುಂಬುತ್ತದೆಯೇ ಹೊರತು ಕಾಯಿ ಇಲ್ಲ. ನಾಟಿ ಅವರೆ ಹಗಲು ಕಿರಿದಾಗುವುದನ್ನು ಕಾದು ಹೂ ಬಿಡುವ ಬೆಳೆ. ಈ ಕಟ್ಟನ್ನು ಮುರಿದದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳು. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ, ವರ್ಷದ ಯಾವ ಕಾಲಕ್ಕೂ ಕಾಯಿ ಕೊಡುತ್ತವೆ. ಸೊಗಡು ಮಾತ್ರ ಮಾಗಿಯ ಇಬ್ಬನಿಯದ್ದೇ ಮೇಲು ಎಂಬುದು ಈ ಅಂಕಣಕಾರನ ಹಟ.

◆ ಬೇಸಗೆಯ ಟೊಮೆಟೊ ಕೆಂಪಾಗದೆ ಹಳದಿ ಮಿಶ್ರಿತ ಕಿತ್ತಳೆಯಲ್ಲೇ ನಿಲ್ಲುವುದು ಗೊಬ್ಬರದ ದೋಷವಲ್ಲ. ಕಾವು 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ, ಹಳದಿಯ ಕ್ಯಾರೋಟಿನ್ ಮಾತ್ರ ಆಗುತ್ತಲೇ ಇರುತ್ತದೆ. ಬಣ್ಣ ತಿರುಗಿದ ಕಾಯಿಯನ್ನು ಕಿತ್ತು ಮನೆಯೊಳಗೆ ತಂಪಿನಲ್ಲಿಟ್ಟರೆ ಅಲ್ಲಿ ಕೆಂಪಾಗುತ್ತದೆ.

◆ ಟೊಮೆಟೊ, ಬದನೆ ಹೂವಿನ ಪರಾಗ ಉದುರಬೇಕಾದರೆ ಯಾರಾದರೂ ಹೂವನ್ನು ಅದುರಿಸಬೇಕು. ತುಡುವೆ ಜೇನಿಗೆ ಅದು ಬಾರದು. ಕಪ್ಪಗೆ ದೊಡ್ಡದಾಗಿ ಝೇಂಕರಿಸುವ ಬಡಗಿ ದುಂಬಿಗೆ ಬರುತ್ತದೆ. ಹಿತ್ತಲಲ್ಲಿ ಒಣ ಬಿದಿರು, ಮರದ ದಿಮ್ಮಿ ಇದ್ದರೆ ದುಂಬಿ ಅಲ್ಲೇ ತೂತು ಕೊರೆದು ಸಂಸಾರ ಹೂಡುತ್ತದೆ. ದುಂಬಿ ಇಲ್ಲದ ಮಹಡಿ ಕುಂಡದವರು ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿಂದ ತಟ್ಟಿದರೂ ನಡೆಯುತ್ತದೆ.

◆ ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಅದು ರೋಗವಲ್ಲ, ಹುಳವೂ ಅಲ್ಲ. ಒಂದು ದಿನ ಕೊಡ ಸುರಿದು ನಾಲ್ಕು ದಿನ ಮರೆತದ್ದರ ಫಲ. ನೀರು ಏರುಪೇರಾದರೆ ಸುಣ್ಣದ ಅಂಶ ಕಾಯಿಯ ತುದಿ ಮುಟ್ಟುವುದಿಲ್ಲ.

◆ ಮೆಣಸಿನ ಗಿಡದ ಎಲೆ ಮುಟುರಿದರೆ ಅಂಗಡಿಗೆ ಓಡುವ ಮೊದಲು ಎಲೆ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ ಬೇರೆ.

◆ ಚೆಂಡುಹೂವನ್ನು ಟೊಮೆಟೊ ಮಡಿಯ ಪಕ್ಕ ಹಚ್ಚುವುದು ಅಂದಕ್ಕಲ್ಲ. ಕಾಯಿಕೊರಕದ ಚಿಟ್ಟೆಗೆ ಟೊಮೆಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆ ಇಡುವುದೇ ಇಷ್ಟ. ಆದರೆ ಎರಡೂ ಒಟ್ಟಿಗೆ ಹೂ ಬಿಡಬೇಕು. ಅದಕ್ಕೇ ಹೆಸರಘಟ್ಟದವರ ಲೆಕ್ಕ: ನಾಟಿ ದಿನ ಚೆಂಡುಹೂ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು. ಇಬ್ಬರನ್ನೂ ಒಂದೇ ದಿನ ಬಿತ್ತಿದರೆ ಬಲೆ ತೆರೆಯುವ ಮೊದಲೇ ಬೇಟೆ ಮುಗಿದಿರುತ್ತದೆ.

◆ ಮುದಿಯಾದ ಬದನೆ ಗಿಡವನ್ನು ಕಿತ್ತು ಎಸೆಯಬೇಡಿ. ನೆಲದಿಂದ ಗೇಣು ಬಿಟ್ಟು ಸವರಿ ಗೊಬ್ಬರ, ನೀರು ಕೊಟ್ಟರೆ ಕೂಳೆ ಚಿಗುರಿ ಮತ್ತೊಂದು ಸುತ್ತು ಕಾಯಿ ಬಿಡುತ್ತದೆ. ಬಾಡಿ ಜೋತುಬಿದ್ದ ತುದಿ ಕಂಡರೆ ಒಳಗೆ ಕುಡಿಕೊರಕ ಇದೆ ಎಂದೇ ಅರ್ಥ. ಚಿವುಟಿ ಸುಟ್ಟುಹಾಕಿ.

◆ ಬಳ್ಳಿ ತರಕಾರಿಗಳ ಹೂ ಅರಳುವ ಹೊತ್ತು ಒಂದೇ ಅಲ್ಲ. ಕುಂಬಳ ನಸುಕಿನಲ್ಲೇ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಸೌತೆ, ಹಾಗಲ ಬೆಳಗಿನವು. ಹೀರೆ ಅರಳುವುದು ಸಂಜೆ. ಸೋರೆ, ಪಡವಲಗಳ ಬಿಳಿ ಹೂ ಕತ್ತಲಾಗುವ ಹೊತ್ತಿಗೆ ಬಾಯಿ ತೆರೆಯುತ್ತವೆ. ಅವುಗಳ ನೆಂಟರು ಜೇನಲ್ಲ, ರಾತ್ರಿ ಹಾರುವ ಪತಂಗಗಳು. ಬಿಳಿ ಬಣ್ಣ ಕತ್ತಲಲ್ಲಿ ಕಾಣಲೆಂದೇ ಇದೆ. ಹೀಗಾಗಿ ಸೋರೆಗೆ ಕೈಯಾರೆ ಪರಾಗ ಮುಟ್ಟಿಸುವವರು ಬೆಳಿಗ್ಗೆ ಕಾಫಿ ಕುಡಿದು ಹೋದರೆ ತಡವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ, ಗಂಡು ಹೂವಿನ ದಳ ಬಿಡಿಸಿ, ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿನ ನಡುವಿಗೆ ಸವರಿ ಬನ್ನಿ.

◆ ‘ಬರೀ ಪೊಳ್ಳು ಹೂ, ಕಾಯೇ ಇಲ್ಲ’ ಎಂಬ ದೂರು ಪ್ರತಿ ಬೇಸಗೆಯಲ್ಲೂ ಕೇಳಿಬರುತ್ತದೆ. ಬಳ್ಳಿ ಮೊದಲು ಗಂಡು ಹೂವನ್ನೇ ಬಿಡುತ್ತದೆ, ಹೆಣ್ಣು ಹೂ ಬರುವುದು ಆಮೇಲೆ. ಹಗಲು ಉದ್ದವಾಗಿ ಕಾವು ಹೆಚ್ಚಿದರಂತೂ ಗಂಡು ಹೂಗಳದ್ದೇ ರಾಜ್ಯ. ಯೂರಿಯಾ ಸುರಿದರೆ ಇನ್ನೂ ಕೆಡುತ್ತದೆ. ತಾಳ್ಮೆ ಇಟ್ಟುಕೊಳ್ಳಿ, ಮುಖ್ಯ ಬಳ್ಳಿಯ ತುದಿ ಚಿವುಟಿ. ಪಕ್ಕದ ಕವಲುಗಳಲ್ಲಿ ಹೆಣ್ಣು ಹೂ ಹೆಚ್ಚು.

◆ ಬಿಸಿಲಿಗೆ, ನೀರಿನ ಕೊರತೆಗೆ ಸಿಕ್ಕಿದ ಸೋರೆ, ಸೌತೆಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚುತ್ತದೆ. ಸೋರೆಕಾಯಿ ರಸ ಕುಡಿಯುವವರು ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಎನಿಸಿದರೆ ಪೂರ್ತಿ ಕಾಯಿ ತಿಪ್ಪೆಗೆ. ಜೇನು, ನಿಂಬೆ ಬೆರೆಸಿ ಕಹಿ ಮರೆಸಿ ಕುಡಿದವರಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಇದು ಹೆದರಿಸುವ ಮಾತಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಎಚ್ಚರಿಸಿದ ಸಂಗತಿ.

◆ ಅಲಸಂದೆ ಮುಗಿದ ಮೇಲೆ ಗಿಡ ಕೀಳಬೇಡಿ, ಬುಡಕ್ಕೆ ಕೊಯ್ಯಿರಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯೊಂದು ಆ ಬಣ್ಣ ಕೊಟ್ಟಿರುತ್ತದೆ.

◆ ಕರಿಬೇವು ನಿಂಬೆಯ ಕುಟುಂಬದ್ದು. ನಂಬಿಕೆ ಬಾರದಿದ್ದರೆ ನಿಂಬೆ ಚಿಟ್ಟೆಯನ್ನು ಕೇಳಿ, ಎರಡರ ಮೇಲೂ ಮೊಟ್ಟೆ ಇಡುತ್ತದೆ. ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಬಿದ್ದಿರುವುದು ಅದರ ಮರಿ. ಕೈಯಿಂದ ಆರಿಸಿ ತೆಗೆದರೆ ಸಾಕು. ಮಾರ್ಚ್, ಏಪ್ರಿಲ್‌ನಲ್ಲಿ ಬರುವ ಹೂಗೊಂಚಲು ಚಿವುಟಿದರೆ ಶಕ್ತಿಯೆಲ್ಲ ಚಿಗುರಿಗೆ ಹೋಗುತ್ತದೆ.

◆ ಬಾಳೆ ಬುಡದ ಕಂದುಗಳಲ್ಲಿ ಕತ್ತಿಯಂತೆ ಕಿರಿದಾದ ಎಲೆಯವನ್ನು ಇಟ್ಟುಕೊಳ್ಳಿ, ಅಗಲ ಎಲೆಯ ನೀರ್ಗಂದುಗಳನ್ನು ತೆಗೆಯಿರಿ. ನೋಡಲು ಗಟ್ಟಿಮುಟ್ಟಾಗಿ ಕಾಣುವುದು ನೀರ್ಗಂದೇ. ತಾಯಿಗೆಡ್ಡೆಯ ಜೊತೆ ಅದರ ನಂಟು ಸಡಿಲ, ಗೊನೆ ಸಣ್ಣದು.

ಇಲ್ಲಿಂದ ಮುಂದಿನ ಎರಡು ಸಂಗತಿ ಬೇರೆ ಜಿಲ್ಲೆಯ ತೋಟಗಾರಿಕೆ ಪುಸ್ತಕದಲ್ಲಿ ಸಿಗುವುದು ಕಷ್ಟ. ಏಷ್ಯಾದ ಅತಿದೊಡ್ಡ ರೇಷ್ಮೆಗೂಡು ಮಾರುಕಟ್ಟೆ ಎಂದು ಹೆಸರಾದ ರಾಮನಗರದ ಸುತ್ತ ಇರುವವರಿಗೇ ಅವು ಬೇಕಾದವು.

◆ ನಿಮ್ಮ ಬೆಂಡೆಗೆ ಹೊಡೆದ ಬೇವಿನೆಣ್ಣೆ ಪಕ್ಕದ ಮನೆಯ ಬದುಕನ್ನು ಕೆಡಿಸಬಹುದು. ಬೇವು ಸಾವಯವ, ನಿರಪಾಯ ಎಂಬ ಮಾತು ಮನುಷ್ಯರಿಗೆ ಸರಿ; ರೇಷ್ಮೆ ಹುಳುವೂ ಒಂದು ಕೀಟವೇ. ಬೇವಿನ ಅಜಾಡಿರಾಕ್ಟಿನ್ ಕೆಲಸ ಮಾಡುವುದೇ ಹುಳು ಪೊರೆ ಕಳಚುವುದನ್ನು ತಡೆದು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚಬೇಕು; ನಮ್ಮ ರೈತರ ಮಾತಿನಲ್ಲಿ ಹೇಳಿದರೆ ನಾಲ್ಕು ಜ್ವರ ದಾಟಬೇಕು. ಹೊಗೆಸೊಪ್ಪಿನ ಕಷಾಯ ಇನ್ನೂ ಘೋರ, ಅದರ ನಿಕೋಟಿನ್ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಎಲೆಗೆ ಕೂತರೂ ಸಾಕು. ನಾಲ್ಕನೇ ಜ್ವರ ಎದ್ದ ಹುಳು ತನ್ನ ಜೀವಮಾನದ ಮೇವಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ತಿನ್ನುವುದು ಆ ಕೊನೆಯ ವಾರದಲ್ಲಿ. ಅಷ್ಟು ದಿನದ ಖರ್ಚು, ನಿದ್ದೆ ಎಲ್ಲ ಆಗಿ ಇನ್ನೇನು ಚಂದ್ರಿಕೆಗೆ ಹಾಕಬೇಕು ಅನ್ನುವಾಗ ಎಲೆ ವಿಷವಾದರೆ ಆ ಮನೆಯ ಗತಿ? ಹೊಡೆಯಲೇಬೇಕಿದ್ದರೆ ಗಾಳಿ ನಿಂತ ಸಂಜೆ ನೋಡಿ, ಪಕ್ಕದವರ ಜೊತೆ ನಾಲ್ಕು ಮಾತಾಡಿ, ಹುಳು ಎಷ್ಟನೇ ಜ್ವರದಲ್ಲಿದೆ ಕೇಳಿ. ಅದಕ್ಕಿಂತ ಉತ್ತಮ, ಸೋಪಿನ ನೀರು ಮತ್ತು ಎರಡು ಕೈ.

◆ ಹಿತ್ತಲ ಪಪ್ಪಾಯಿಗೂ ಹಿಪ್ಪುನೇರಳೆಗೂ ಶತ್ರು ಒಂದೇ ಎಂದು ಈ ಸೀಮೆ ಕಲಿತದ್ದು ಕಷ್ಟಪಟ್ಟು. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು. ಎರಡೇ ವರ್ಷದಲ್ಲಿ ಅದು ದಕ್ಷಿಣದ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸಿನ ಮೇಲೆಲ್ಲ ಬೆಳ್ಳಗೆ ಹರಡಿತು. ಮೈಗೆ ಮೇಣದ ಹೊದಿಕೆ ಇರುವ ಹುಳುವಿಗೆ ಔಷಧಿ ತಾಗುತ್ತಿರಲಿಲ್ಲ. ಹಿಪ್ಪುನೇರಳೆಗಂತೂ ಹೊಡೆಯುವ ಹಾಗೇ ಇರಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ಮೂರು ಬಗೆಯ ಪರತಂತ್ರ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೊಫಾಗಸ್ ಪಪಾಯೆ ಎಂಬ, ಕಣ್ಣಿಗೆ ಚುಕ್ಕಿಯಂತೆ ಕಾಣುವ ಕಣಜ ತಿಗಣೆಯ ಒಡಲಲ್ಲೇ ಮೊಟ್ಟೆ ಇಟ್ಟು ಕಥೆ ಮುಗಿಸಿತು. ಈಗ ನಿಮ್ಮ ಪಪ್ಪಾಯಿ ಎಲೆಯಡಿ ನಾಲ್ಕು ಬಿಳಿ ಚುಕ್ಕೆ ಕಂಡರೆ ಕೈಪಂಪು ಎತ್ತಬೇಡಿ. ಆ ಕಣಜದ ಸಂತತಿ ಅಲ್ಲೇ ಇರಬಹುದು. ಔಷಧಿ ಮೊದಲು ಕೊಲ್ಲುವುದು ಅದನ್ನೇ. ನೀರನ್ನು ರಭಸವಾಗಿ ಚಿಮ್ಮಿಸಿ, ಇರುವೆಗಳ ದಾರಿ ಕಡಿಯಿರಿ. ತಿಗಣೆಯ ಸಿಹಿ ಜೊಲ್ಲಿಗಾಗಿ ಇರುವೆಗಳು ಅದನ್ನು ಕಾವಲು ಕಾಯುತ್ತವೆ.

◆ ಪಪ್ಪಾಯಿ ಪಕ್ಕದಲ್ಲೇ ಕುಂಬಳ, ಸೌತೆ ಹಬ್ಬಿಸಬೇಡಿ. ಪಪ್ಪಾಯಿಯ ಉಂಗುರ ಮಚ್ಚೆ ವೈರಸ್ ಬಳ್ಳಿ ತರಕಾರಿಗಳಲ್ಲೂ ಮನೆ ಮಾಡುತ್ತದೆ, ಸಸ್ಯಹೇನು ಅದನ್ನು ಹೊತ್ತು ತಿರುಗುತ್ತದೆ.

◆ ಪಪ್ಪಾಯಿ, ಸೀಬೆ, ಸಪೋಟ, ಸೀತಾಫಲ, ಮೆಣಸಿನಕಾಯಿ, ಟೊಮೆಟೊ: ಎಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ನಮ್ಮ ಬಂಡೆ ಬೆಟ್ಟಗಳ ಬುಡದಲ್ಲಿ ಯಾರೂ ನೆಡದೆ ಬೆಳೆಯುವ ಸೀತಾಫಲವೂ ವಲಸಿಗನೇ. ಅದು ಎಲೆ ಉದುರಿಸಿ ಬೋಳಾಗಿ ನಿಂತಿರುವಾಗಲೇ, ಅಂದರೆ ಚಿಗುರುವ ಮುನ್ನ, ಒಣರೆಂಬೆ ಸವರಿಬಿಡಿ. ಅದರ ಹೂ ಮೊದಲು ಹೆಣ್ಣು, ಆಮೇಲೆ ಗಂಡು. ತನ್ನ ಪರಾಗ ತನಗೇ ದಕ್ಕುವುದು ಅಪರೂಪ. ಒಂದು ಹೂವಿನಿಂದ ಇನ್ನೊಂದಕ್ಕೆ ನುಸುಳುವ ಪುಟ್ಟ ಜೀರುಂಡೆಗಳು ಇಲ್ಲದಿದ್ದರೆ ಕಾಯಿಯೂ ಇಲ್ಲ.

◆ ಸೀಬೆಗೆ ಕತ್ತರಿ ಬೇಕು, ಮಾವಿಗೆ ಈಗ ಬೇಡ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಡೆದು ತುದಿ ಸವರಿದರೆ ಮಳೆಗೆ ಚಿಗುರಿ ಹೂವಾಗಿ, ಚಳಿಗಾಲದ ರುಚಿಯಾದ ಹಣ್ಣು. ಮಳೆಗಾಲದ ಸೀಬೆ ಹಣ್ಣುನೊಣದ ಪಾಲು. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ, ಅದರ ಸವರುವಿಕೆ ಕೊಯ್ಲು ಮುಗಿದ ಮೇಲೆ.

◆ ಯುಗಾದಿ ಸೆಕೆಗೆ ನಿಂಬೆಹಣ್ಣು ಬೇಕು ಎಂದರೆ ಈಗ ಮಾಡುವುದೇನೂ ಇಲ್ಲ. ಆ ಹೂವಿಗಾಗಿ ಗಿಡವನ್ನು ಹಿಂದಿನ ಆಗಸ್ಟ್, ಸೆಪ್ಟೆಂಬರಿನಲ್ಲೇ ನೀರಿಲ್ಲದೆ ಬಾಡಿಸಿರಬೇಕಿತ್ತು.

ಕೊನೆಗೆ ದೊಡ್ಡ ಮರಗಳು.

◆ ತೆಂಗಿನ ಮರಕ್ಕೆ ಈ ಏಪ್ರಿಲ್‌ನಲ್ಲಿ ನೀರು ತಪ್ಪಿಸಿದರೆ ಲೆಕ್ಕ ಈ ವರ್ಷಕ್ಕೇ ಮುಗಿಯುವುದಿಲ್ಲ. ಹೊಂಬಾಳೆ ಒಡೆಯುವ ಸುಮಾರು 32 ತಿಂಗಳು ಮೊದಲೇ ಅದರ ಮೊಳಕೆ ಸುಳಿಯೊಳಗೆ ಶುರುವಾಗಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಮತ್ತೆ 12 ತಿಂಗಳು. ಬರದ ವರ್ಷ ಕಳೆದು ಎರಡು ಮಳೆಗಾಲ ಚೆನ್ನಾಗಿ ಆದರೂ ಚನ್ನಪಟ್ಟಣದ ತೋಟಗಳಲ್ಲಿ ಕಾಯಿ ಕಡಿಮೆ ಎನ್ನುವುದರ ಗುಟ್ಟು ಇದು. ಬೇಸಗೆಯಲ್ಲಿ ಹರಳು ಉದುರುವುದು ಮಾತ್ರ ಒಂದು ಮಟ್ಟಿಗೆ ಸಹಜ, ಮರ ಹೊರಲಾರದ್ದನ್ನು ಇಳಿಸುತ್ತದೆ.

◆ ಹಲಸಿನ ಮರದ ಕೆಳಗೆ ಬೆರಳುದ್ದದ ಕಾಯಿ ಕಪ್ಪಾಗಿ ಬೂಸ್ಟು ಹಿಡಿದು ಬಿದ್ದಿದ್ದರೆ ದೃಷ್ಟಿ ತೆಗೆಯುವ ಅಗತ್ಯವಿಲ್ಲ. ಅವು ಗಂಡು ಹೂಗಳ ಗೊಂಚಲು, ಕೆಲಸ ಮುಗಿಸಿ ಬಿದ್ದಿವೆ. ಹೆಣ್ಣು ಗೊಂಚಲು ಕಾಂಡಕ್ಕೆ ಅಂಟಿ ಹಸಿರಾಗಿ ಬೆಳೆಯುತ್ತಿರುತ್ತದೆ. ಒಂದೊಂದು ತೊಳೆಯೂ ಒಂದೊಂದು ಹೂವು. ತೊಳೆಯ ಸುತ್ತಲ ಎಳೆಎಳೆ ಶಾಡೆ, ಪರಾಗ ಸಿಗದೆ ಉಳಿದ ಹೂಗಳು.

◆ ಕನಕಪುರ, ಚನ್ನಪಟ್ಟಣದ ಕಾಡಂಚಿನವರಿಗೆ ಹಲಸಿನ ಹಣ್ಣೆಂದರೆ ಆನೆಗೆ ಕೊಟ್ಟ ಕರೆಯೋಲೆ. ಅಲ್ಲಿ ವಸಂತದ ಕೆಲಸ ಎಂದರೆ ಹಣ್ಣಾಗುವ ಮೊದಲೇ ಕಾಯಿ ಇಳಿಸಿ ಹುಳಿ, ಪಲ್ಯ, ಹಪ್ಪಳ ಮಾಡುವುದು.

◆ ಮಾವಿನ ಒಂದು ಹೂಗೊಂಚಲಲ್ಲಿ ಸಾವಿರಕ್ಕೂ ಮೀರಿ ಹೂ. ಕೊನೆಯವರೆಗೆ ನಿಲ್ಲುವುದು ಒಂದೋ ಎರಡೋ ಕಾಯಿ. ಬಟಾಣಿ ಗಾತ್ರದ ಪೀಚು ಉದುರಿತೆಂದು ಗಾಬರಿಯಾಗಬೇಡಿ. ಇನ್ನೊಂದು ಸಂಗತಿ: ಮಾವಿನ ಹೂವಿಗೆ ಪರಾಗ ಮುಟ್ಟಿಸುವ ಕೆಲಸದಲ್ಲಿ ಜೇನಿಗಿಂತ ನೊಣಗಳ ಪಾಲು ದೊಡ್ಡದು. ತಿಪ್ಪೆ ಪಕ್ಕದ ಮರದಲ್ಲಿ ಕಾಯಿ ಜಾಸ್ತಿ ಎಂಬ ಅಜ್ಜಿಯ ಮಾತಿನಲ್ಲಿ ಹುರುಳುಂಟು.

◆ ಹಣ್ಣುನೊಣಕ್ಕೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ತುಳಸಿ ಎಲೆಯಲ್ಲೂ ಅದೇ ಪರಿಮಳದ್ರವ್ಯ ಇರುವುದರಿಂದ ಜಜ್ಜಿದ ತುಳಸಿ ರಸದ ಬಟ್ಟಲಿಗೂ ಅವು ಮುತ್ತುತ್ತವೆ. ಹೆಣ್ಣು ನೊಣ ಹಣ್ಣಿನ ಸಿಪ್ಪೆಯಡಿ ಮೊಟ್ಟೆ ಇಟ್ಟಾಗಿರುತ್ತದೆ. ಉದುರಿದ ಹಣ್ಣನ್ನು ಆರಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದೇ ಮುಖ್ಯ ಮದ್ದು. ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ.

◆ ಹೊರಗೆ ಚಿನ್ನದ ಬಣ್ಣ, ಒಳಗೆ ಬಿಳಿ ಬೆಂಡು. ಬಾದಾಮಿ ಬೆಳೆಗಾರರಿಗೆಲ್ಲ ಗೊತ್ತಿರುವ ಕಾಟ ಇದು. ಹಣ್ಣು ಮರದಲ್ಲೇ ಹೆಚ್ಚು ಬಲಿತರೆ ಒಳಗಿನ ಬೀಜ ಮೊಳೆಯುವ ತಯಾರಿ ಶುರುಮಾಡಿ ಸುತ್ತಲ ತಿರುಳಿಗೇ ಕೈ ಹಾಕುತ್ತದೆ ಎಂದು ಹೆಸರಘಟ್ಟದ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಪೂರ್ತಿ ಬಲಿಯುವ ಸ್ವಲ್ಪ ಮೊದಲೇ ಕೊಯ್ಯುವುದು, ಮರದಡಿ ದಪ್ಪ ಮುಚ್ಚಿಗೆ ಹಾಕಿ ನೆಲದ ಝಳ ತಡೆಯುವುದು, ಇವೆರಡೂ ಮನೆಯವರು ಮಾಡಬಹುದಾದದ್ದು.

◆ ಬಲಿತಿದೆಯೋ ಇಲ್ಲವೋ ತಿಳಿಯಲು ಬಕೆಟ್ ನೀರು ಸಾಕು. ಬಲಿತ ಮಾವು ಮುಳುಗುತ್ತದೆ, ಎಳಸು ತೇಲುತ್ತದೆ.

◆ ಬೆಳಗಿನ ತಂಪಿನಲ್ಲಿ, ಬೆರಳುದ್ದ ತೊಟ್ಟು ಬಿಟ್ಟು ಕೊಯ್ಯಿರಿ. ಸೊನೆ ಹಣ್ಣಿನ ಮೈಗೆ ಬಿದ್ದರೆ ಕಪ್ಪು ಕಲೆ, ನಿಮ್ಮ ಮೈಗೆ ಬಿದ್ದರೆ ಬೊಬ್ಬೆ. ಮಾವು, ಗೋಡಂಬಿ, ಕರಿಗೇರು ಒಂದೇ ಕುಟುಂಬದವು ಎಂಬುದು ಚರ್ಮಕ್ಕೆ ಬೇಗ ತಿಳಿಯುತ್ತದೆ. ಹಣ್ಣು ಮಾಡಲು ರಾಗಿ ಹುಲ್ಲು ಅಥವಾ ಭತ್ತದ ಹುಲ್ಲು ಸಾಕು. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆ ನಿಷಿದ್ಧ.

◆ ಸುಣ್ಣ ಮತ್ತು ಮೈಲುತುತ್ತದ ಬೋರ್ಡೊ ದ್ರಾವಣ ಹುಟ್ಟಿದ್ದು ಕಳ್ಳರ ಭಯದಿಂದ. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ರೈತರು ದಾರಿಹೋಕರು ಕೀಳದಿರಲೆಂದು ಅಂಚಿನ ಬಳ್ಳಿಗೆ ಅದನ್ನು ಬಳಿದಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬಾರದ್ದನ್ನು ಕಂಡು ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಲೋಕಕ್ಕೆ ಹೇಳಿದ. ಮುಂಗಾರಿಗೆ ಮುನ್ನ ನಿಂಬೆ, ಪಪ್ಪಾಯಿ ಬುಡಕ್ಕೆ ಶೇಕಡ ಒಂದರ ದ್ರಾವಣ ಒಳ್ಳೆಯದು: 10 ಲೀಟರಿಗೆ ತಲಾ 100 ಗ್ರಾಂ. ಹೊಳೆಯುವ ಚಾಕು ಅದ್ದಿ ನೋಡಿ, ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದು. ಹಿಪ್ಪುನೇರಳೆ ಕಡೆ ಹಾರದಂತೆ ನೋಡಿಕೊಳ್ಳುವ ಮಾತು ಇದಕ್ಕೂ ಸಲ್ಲುತ್ತದೆ.

◆ ಸುವರ್ಣಗೆಡ್ಡೆ, ಕೆಸು, ಅರಿಶಿನ, ಶುಂಠಿಗೆ ಭರಣಿ, ಕೃತ್ತಿಕೆ ಮಳೆಯೇ ಮುಹೂರ್ತ. ಸುವರ್ಣಗೆಡ್ಡೆಯ ಪ್ರತಿ ಹೋಳಿಗೂ ನಡುಗಣ್ಣಿನ ಒಂದು ಚೂರು ಇರಲೇಬೇಕು, ಇಲ್ಲವಾದರೆ ಅದು ಮೊಳೆಯದು.

◆ ಗಿಡ ನೆಡುವುದು ಜೂನ್‌ನಲ್ಲಾದರೂ ಗುಂಡಿ ತೆಗೆಯುವುದು ಈಗ. ಮೂರಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ. ಎರಡು ಮೂರು ವಾರ ಬಿಸಿಲು ಕುಡಿಯಲಿ, ಮುಚ್ಚುವಾಗ ಮೇಲ್ಮಣ್ಣು ತಳಕ್ಕೆ ಹೋಗಲಿ. ಮಣ್ಣು ಪರೀಕ್ಷೆ ಬೇಕೆನ್ನುವವರಿಗೆ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ.

◆ ಚಿಕ್ಕ ಹಿತ್ತಲಿಗೆ ಬಾದಾಮಿಯೇ ಬೇಕೆಂದಿಲ್ಲ. ಬಾದಾಮಿಯನ್ನೂ ಬೈಗನಪಲ್ಲಿಯನ್ನೂ ಕೂಡಿಸಿ ಮಾಡಿದ ಅರ್ಕಾ ಅರುಣಾ ಗಿಡ್ಡ ಮರ. ನೀಲಂ, ದಶೇರಿಗಳ ಮಗಳು ಆಮ್ರಪಾಲಿಯೂ ಹಾಗೆಯೇ. ಏಣಿ ಇಲ್ಲದೆ ಕೊಯ್ಯಬಹುದು. ಕೋತಿಗಳಿಗೂ ಅಷ್ಟೇ ಸುಲಭ ಎನ್ನುವುದನ್ನು ರಾಮನಗರದವರಿಗೆ ಹೇಳಬೇಕಾಗಿಲ್ಲ.

◆ ತಿಂದ ಬಾದಾಮಿ ಓಟೆ ಹೂತರೆ ಬಾದಾಮಿ ಗಿಡ ಹುಟ್ಟುವುದಿಲ್ಲ. ಕರಾವಳಿಯ ಹಲವು ಕಾಡುಮಾವುಗಳ ಓಟೆಯಲ್ಲಿ ತಾಯಿಯನ್ನೇ ಹೋಲುವ ಹಲವು ಮೊಳಕೆ ಬರುತ್ತವೆ, ಬಾದಾಮಿಯಲ್ಲಿ ಒಂದೇ. ಅದು ಪರಾಗ ಕೊಟ್ಟ ತಂದೆಯ ಗುಣವನ್ನೂ ಹೊತ್ತಿರುತ್ತದೆ. ಆದರೂ ಓಟೆ ಎಸೆಯಬೇಡಿ, ಕಸಿಗೆ ಬೇರುಗಿಡವಾಗಲು ಅದು ಸಾಕು. ಓಟೆಯ ಜೀವ ಹೆಚ್ಚೆಂದರೆ ಒಂದು ತಿಂಗಳು, ದಿನ ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತದೆ. ಹಣ್ಣು ತಿಂದ ವಾರದೊಳಗೆ ತೊಳೆದು, ನೆರಳಲ್ಲಿ ಆರಿಸಿ, ಮಣ್ಣಿಗೆ ಹಾಕಿಬಿಡಿ.